ದಿನದ ಭಜ್ಜಿ: ಅರ್ಧ ಗಂಟೆಯಲ್ಲಿ, ಎರಡು ಚಮಚೆ ಎಣ್ಣೆಯಲ್ಲಿ

(ಕಮಲಾಪುರದಲ್ಲಿ ಹಾಲು ಉತ್ಪಾದಕ ಮಹಿಳಾ ಸದಸ್ಯರ ಸಭೆಯಲ್ಲಿ ಗೃಹವಿಜ್ಞಾನದ ನಿವೃತ್ತ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳು. ಸದಸ್ಯರ ಅಪೇಕ್ಷೆಯ ಮೇರೆಗೆ ಪ್ರಕಟಿಸಲಾಗಿದೆ.)



ಇಂಥ ಸಭೆಗಳಲ್ಲಿ ನೀವು ಸಾಮಾನ್ಯವಾಗಿ ಕೇಳುವುದು ಫ್ಯಾಟು, ಎಸ್.ಎನ್.ಎಫ್., ಪಶು ಆಹಾರ, ಖನಿಜ ಮಿಶ್ರಣ, ಕೆಚ್ಚಲು ಬಾವು ಇವುಗಳ ಮಾತು. ಎಲ್ಲವೂ ಅಗತ್ಯವಾದದ್ದೇ. ಆದರೆ ಎಲ್ಲವೂ ಆಕಳು, ಎಮ್ಮೆಗಳ ಹೊಟ್ಟೆಯ ವಿಚಾರ. ಅವುಗಳಿಗೆ ಮೇವು ಹಾಕುವವರ ಹೊಟ್ಟೆಯ ವಿಚಾರ ಮಾತಾಡಲು ನನ್ನನ್ನು ಕರೆದಿದ್ದಾರೆ. ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬರುವ ಮೊದಲು ನೀವು ಏನು ಉಂಡಿರಿ?

ಉತ್ತರ ನನಗೆ ಗೊತ್ತು. ಚಹಾ. ಹಾಲು ಹಾಕಿ ಬಂದ ಮೇಲೆ? ಇನ್ನೊಮ್ಮೆ ಚಹಾ, ಜತೆಗೆ ಒಂದೆರಡು ಟೋಸ್ಟು. ಆಮೇಲೆ ಸಗಣಿ, ಕಸ, ಮಕ್ಕಳ ಶಾಲೆ, ಗಂಡಸರ ಬುತ್ತಿ. ನಿಮ್ಮ ಗಂಗಾಳಕ್ಕೆ ರೊಟ್ಟಿ ಬೀಳುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿರುತ್ತದೆ. ಅದರ ಜತೆಗೆ ಇರುವುದು ಏನು? ತೆಳ್ಳನೆಯ ಬೇಳೆಸಾರು, ಇಲ್ಲವೇ ಶೇಂಗಾ ಹಿಂಡಿ, ಇಲ್ಲವೇ ಖಾರ. ಐದು ಗಂಟೆಗೆ ಎದ್ದು ಹಾಲು ಕರೆದ ಹೆಂಗಸಿಗೆ ಇದು ಸಾಲದು ಎಂದು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ. ಆದರೂ ಮುಂದೆ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಒಳ್ಳೆಯ ಊಟ ಇಲ್ಲವೆಂದಲ್ಲ. ಎಳ್ಳ ಅಮಾವಾಸ್ಯೆಯ ದಿನ ನಿಮ್ಮ ಹೊಲದಲ್ಲಿ ಏನಿರುತ್ತದೆ ನೆನಪು ಮಾಡಿಕೊಳ್ಳಿ. ಭಜ್ಜಿ! ಬೆಂಗಳೂರು, ಮೈಸೂರು ಕಡೆಯವರಿಗೆ ಈ ಹೆಸರು ಹೇಳಿದರೆ ಎಣ್ಣೆಯಲ್ಲಿ ಕರಿದ ಈರುಳ್ಳಿ ಬಜ್ಜಿ ಎಂದುಕೊಳ್ಳುತ್ತಾರೆ. ಕಲಬುರಗಿ, ಬೀದರ ಕಡೆಯವರಾದ ನಮಗೆ ಭಜ್ಜಿ ಎಂದರೆ ದೊಡ್ಡ ಬೋಗುಣಿಯಲ್ಲಿ ಕುದಿಯುವ ಹಸಿ ತೊಗರಿ, ಅವರೆ, ಹಸಿ ಕಡಲೆ, ಬಟಾಣಿ, ಶೇಂಗಾ, ಮೆಂತ್ಯ ಪಲ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ, ಗಜ್ಜರಿ. ಕೆಲವರು ಬಾರಿಹಣ್ಣನ್ನೂ ಹಾಕುತ್ತಾರೆ. ಹುಣಸೆ ಹುಳಿ, ಹಸಿಮೆಣಸಿನಕಾಯಿ ಬಳ್ಳೊಳ್ಳಿ ಅರೆದ ಖಾರ, ಮಜ್ಜಿಗೆಯಲ್ಲಿ ಕಲಸಿದ ಕಡಲೆ ಹಿಟ್ಟು, ಮೇಲೆ ಕೈಬಿಟ್ಟು ಸುರಿದ ಎಣ್ಣೆಯ ಒಗ್ಗರಣೆ. ಜತೆಗೆ ಸಜ್ಜೆ ರೊಟ್ಟಿ, ಕಡುಬು, ಗಡಿಗೆಯಲ್ಲಿ ಅಂಬಲಿ. ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿ ಆಮೇಲೆ ನಾವು ಕೂಡುವುದು. ಆ ದಿನ ಕಲಬುರಗಿ ಪಟ್ಟಣದ ಕಚೇರಿಯವರೂ ಪರಿಚಯದವರ ಹೊಲ ಹುಡುಕಿಕೊಂಡು ಬರುತ್ತಾರೆ. ಗಡಿಯಾಚೆ ಲಾತೂರು, ಧಾರಾಶಿವ, ಸೊಲ್ಲಾಪುರದ ಕಡೆಯೂ ಇದೇ ಅಮಾವಾಸ್ಯೆಗೆ ಇದೇ ಭಜ್ಜಿ, ಇದೇ ಅಂಬಲಿ. ಅವರು ವೇಳ ಅಮಾವಾಸ್ಯೆ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಕಾಳು, ಸೊಪ್ಪು, ತರಕಾರಿ, ಹುಳಿ, ಮಜ್ಜಿಗೆ ಐದೂ ಒಂದೇ ಪಾತ್ರೆಯಲ್ಲಿ ಕೂಡುವ ಅಡಿಗೆ ಬಹಳ ಇಲ್ಲ. ಗೃಹವಿಜ್ಞಾನದ ಪುಸ್ತಕದಲ್ಲಿ ಸಮತೋಲನ ಆಹಾರ ಎಂದು ಚಿತ್ರ ಬರೆದು ತೋರಿಸುವುದನ್ನು ನಮ್ಮ ಹಿರಿಯರು ಬೋಗುಣಿಯಲ್ಲಿ ಕುದಿಸಿಟ್ಟರು. ಆದರೆ ವರ್ಷಕ್ಕೆ ಒಂದು ದಿನ! ಮಿಕ್ಕ ದಿನ ಯಾಕಿಲ್ಲ ಎಂದು ಕೇಳಿದರೆ ಎರಡು ಉತ್ತರ ಬರುತ್ತವೆ. ‘ಅಷ್ಟು ಮಾಡ್ಲಾಕ ಪುರಸೊತ್ತು ಎಲ್ಲಿ ಅದರಿ ಅಕ್ಕಾರ?’ ಎನ್ನುವುದು ಒಂದು. ‘ಉಂಡರ ಹೊಟ್ಟಿ ಭಾರ ಆಗ್ತದ, ಕೆಲಸ ಮಾಡ್ಲಾಕ ಆಗಲ್ಲ’ ಎನ್ನುವುದು ಇನ್ನೊಂದು. ಎರಡೂ ನಿಜ. ಹಬ್ಬದ ಭಜ್ಜಿಗೆ ಹಿಂದಿನ ರಾತ್ರಿಯೇ ಕಾಯಿ ಸುಲಿಯಲು ಕೂಡಬೇಕು, ಮನೆಯ ನಾಲ್ಕು ಹೆಂಗಸರು ಬೇಕು. ಉಂಡ ಮೇಲೆ ಹೊಲದ ಬನ್ನಿ ಗಿಡದ ನೆರಳಲ್ಲಿ ಮಲಗಲೇಬೇಕು. ಹಬ್ಬಕ್ಕೆ ಅದು ಸರಿ. ಅದನ್ನು ಯಾರೂ ತಿದ್ದಬೇಕಾಗಿಲ್ಲ, ನಾನಂತೂ ಆ ಕೆಲಸಕ್ಕೆ ಹೋಗುವುದಿಲ್ಲ.

ನಾನು ಹೇಳುವುದು ವಾರದ ನಡುವಿನ ಭಜ್ಜಿ. ಒಬ್ಬಳೇ ಮಾಡುವಂಥದ್ದು, ಒಲೆಯ ಮುಂದೆ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲದೆ ಮಾಡುವಂಥದ್ದು, ಉಂಡ ಮೇಲೆ ಮೇವಿಗೆ ಹೋಗಬಹುದಾದಂಥದ್ದು.

ಭಾರ ಎಲ್ಲಿಂದ ಬಂತು?

ಭಜ್ಜಿ ಭಾರವಾಗುವುದು ಕಾಳಿನಿಂದ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೇ ಹಗುರ ಮಾಡಿ ಎಂದರೆ ಮೊದಲು ಕಾಳು ಕಡಿಮೆ ಮಾಡುತ್ತಾರೆ, ನೀರು ಹೆಚ್ಚು ಮಾಡುತ್ತಾರೆ. ಇದು ಹಗುರವಲ್ಲ, ತೆಳುವು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ನೀರು ಕುಡಿಸಿದ ಹಾಲು ಲ್ಯಾಕ್ಟೋಮೀಟರಿನಲ್ಲಿ ಸಿಕ್ಕಿಬೀಳುತ್ತದೆ ಎಂದು ನಿಮಗೆ ಗೊತ್ತು. ನೀರು ಕುಡಿಸಿದ ಸಾರು ಹಿಡಿಯಲು ಯಂತ್ರವಿಲ್ಲ. ಅದು ಹೆಂಗಸಿನ ಮೈಯಲ್ಲಿ, ಮಕ್ಕಳ ತೋಳಿನಲ್ಲಿ ನಿಧಾನವಾಗಿ ಕಾಣಿಸುತ್ತದೆ.

ಭಾರ ಬರುವುದು ಮುಖ್ಯವಾಗಿ ಎಣ್ಣೆಯಿಂದ. ಐದು ಜನರ ಭಜ್ಜಿಗೆ ಒಂದು ಸಣ್ಣ ಸೌಟು, ಅಂದರೆ 50 ಮಿ.ಲೀ. ಎಣ್ಣೆ ಬಿದ್ದರೆ ಅದೊಂದರಿಂದಲೇ 400ಕ್ಕೂ ಹೆಚ್ಚು ಕ್ಯಾಲೊರಿ. ಅದು ಕುಸುಬಿ ಎಣ್ಣೆ ಇರಲಿ, ಶೇಂಗಾ ಎಣ್ಣೆ ಇರಲಿ, ಲೆಕ್ಕ ಒಂದೇ. ಹಬ್ಬದ ದಿನ ಬೀಳುವುದು ಒಂದು ಸೌಟಲ್ಲ ಎಂಬುದು ನಿಮಗೂ ಗೊತ್ತು. ಎರಡನೆಯ ಕಾರಣ ಕಡಲೆ ಹಿಟ್ಟು. ಗಟ್ಟಿಯಾಗಲಿ ಎಂದು ಬಟ್ಟಲುಗಟ್ಟಲೆ ಹಾಕುತ್ತೇವೆ, ಅದು ಪೂರ್ತಿ ಬೇಯದೆ ಹೊಟ್ಟೆ ಉಬ್ಬಿಸುತ್ತದೆ. ಮೂರನೆಯದು ನೆನೆಸದ ಕಾಳು. ಇವು ಮೂರನ್ನು ಹಿಡಿದರೆ ಸಾಕು, ಕಾಳಿಗೆ ಕೈ ಹಚ್ಚುವ ಅಗತ್ಯವಿಲ್ಲ.

ಹೊತ್ತು ಎಲ್ಲಿ ಹೋಗುತ್ತದೆ ಎಂದರೆ, ಕಾಯಿ ಸುಲಿಯುವುದರಲ್ಲಿ, ಹತ್ತು ಥರದ ಸೊಪ್ಪು ಸೋಸುವುದರಲ್ಲಿ. ದಿನದ ಭಜ್ಜಿಗೆ ಹತ್ತು ಥರ ಬೇಡ. ಎರಡು ಸೊಪ್ಪು, ಎರಡು ಕಾಳು, ಒಂದು ತರಕಾರಿ.

ಮಾಡುವ ಕ್ರಮ

ಐದು ಜನರ ಮನೆ ಎಂದು ಇಟ್ಟುಕೊಳ್ಳೋಣ. ರಾತ್ರಿ ಮಲಗುವ ಮುನ್ನ ಎರಡು ಹಿಡಿ ಕಡಲೆ ಬೇಳೆ (50 ಗ್ರಾಂ ಆದೀತು), ಒಂದು ಹಿಡಿ ಶೇಂಗಾ (30 ಗ್ರಾಂ) ನೀರಿನಲ್ಲಿ ಹಾಕಿಡಿ. ತೊಗರಿ ಬೇಳೆ 100 ಗ್ರಾಂ ಬೇಕು, ಅದನ್ನು ಬೆಳಿಗ್ಗೆ ಎದ್ದ ತಕ್ಷಣ ತೊಳೆದು ನೆನೆಯಿಟ್ಟರೆ ಸಾಕು. ನಮ್ಮ ತೊಗರಿ ಬೇಳೆಗೆ ಬೇಗ ಬೇಯುವ ಹೆಸರಿದೆ. ಗುಲ್ಬರ್ಗಾ ತೊಗರಿ ಬೇಳೆ ಎಂದು 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. (2014ರ ನವೆಂಬರ್ 1ರಂದೇ ಊರಿನ ಹೆಸರು ಕಲಬುರಗಿ ಆಗಿದ್ದರೂ ಬೇಳೆಯ ಹೆಸರಿನಲ್ಲಿ ಗುಲ್ಬರ್ಗಾ ಉಳಿದುಕೊಂಡಿದೆ.) ಅಂಥ ಬೇಳೆಯನ್ನು ಕೈಯಲ್ಲಿಟ್ಟುಕೊಂಡು ನಾವು ತೆಳ್ಳನೆಯ ಸಾರು ಕುಡಿಯುವುದು ಸರಿಯೇ? ಮಾರ್ಗಶಿರ, ಪುಷ್ಯದಲ್ಲಿ ಹಸಿ ತೊಗರಿ ಇರುವಾಗ ಬೇಳೆಯ ಬದಲು ಎರಡು ಬಟ್ಟಲು ಹಸಿ ಕಾಳು ಹಾಕಿ. ಸುಲಿಯುವ ಕೆಲಸ ರಾತ್ರಿ ಟಿ.ವಿ. ಮುಂದೆ ಕೂಡುವ ಗಂಡಸರಿಗೂ ಬರುತ್ತದೆ, ಕೊಟ್ಟು ನೋಡಿ.

ಬೆಳಿಗ್ಗೆ ಹಾಲು ಕರೆದು ಮುಗಿದ ಮೇಲೆ, ಸಂಘಕ್ಕೆ ಹೊರಡುವ ಮೊದಲು, ನೆನೆದ ಬೇಳೆ, ಶೇಂಗಾ, ಹೆಚ್ಚಿದ ಒಂದು ಬದನೆಕಾಯಿ ಅಥವಾ ಗಜ್ಜರಿ, ಚಿಟಿಕೆ ಅರಿಷಿಣ, ನಾಲ್ಕು ಬಟ್ಟಲು ನೀರು ಕುಕ್ಕರಿಗೆ ಹಾಕಿ. ಮೂರು ಸೀಟಿ ಆಗಲಿ. ನಂತರ ಒಲೆ ಆರಿಸಿ, ಹಾಗೇ ಬಿಟ್ಟು ಹಾಲು ಹಾಕಿ ಬನ್ನಿ. ಒಲೆ ಹತ್ತಿಸಿಟ್ಟು ಮಾತ್ರ ಹೋಗಬೇಡಿ. ಸಂಘದಲ್ಲಿ ಸಾಲು ಎಷ್ಟು ಉದ್ದ ಇರುತ್ತದೋ ಹೇಳಲಾಗದು. ಆರಿಸಿದ ಕುಕ್ಕರಿನೊಳಗೆ ಬೇಳೆ ತನ್ನ ಕಾವಿನಲ್ಲೇ ಮೆತ್ತಗಾಗುತ್ತದೆ, ಗ್ಯಾಸೂ ಉಳಿಯುತ್ತದೆ.

ಈ ಹಂತದಲ್ಲಿ ಹುಣಸೆ ಹಾಕಬಾರದು, ಪುಂಡಿ ಪಲ್ಯವನ್ನೂ ಹಾಕಬಾರದು. ಹುಳಿ ಬಿದ್ದರೆ ಬೇಳೆ ಬೇಯುವುದು ತಡ. ಬೇಯಲಿಲ್ಲವೆಂದು ಸೋಡಾ ಹಾಕುವ ರೂಢಿ ಕೆಲವರಿಗಿದೆ. ಸೋಡಾ ಬೇಳೆಯನ್ನು ಮೆತ್ತಗೆ ಮಾಡುತ್ತದೆ, ನಿಜ. ಜತೆಗೆ ಅದರಲ್ಲಿರುವ ಬಿ ಜೀವಸತ್ವವನ್ನೂ ಹಾಳು ಮಾಡುತ್ತದೆ. ನೆನೆಸಿದ ಬೇಳೆಗೆ ಸೋಡಾ ಬೇಕಾಗುವುದೇ ಇಲ್ಲ.

ಬಂದ ಮೇಲೆ ಕುಕ್ಕರ್ ತೆರೆದು ಸೌಟಿನ ಬೆನ್ನಿನಿಂದ ಬೇಳೆಯನ್ನು ಅರ್ಧ ಮಸೆಯಿರಿ. ಪೂರ್ತಿ ಮಸೆಯಬಾರದು, ಹಲ್ಲಿಗೆ ಕಾಳು ಸಿಗಬೇಕು. ಮತ್ತೆ ಒಲೆ ಹತ್ತಿಸಿ, ಒಂದು ಕಟ್ಟು ಮೆಂತ್ಯ, ಒಂದು ಕಟ್ಟು ಪಾಲಕ ಹೆಚ್ಚಿ ಹಾಕಿ. ಪುಂಡಿ ಇದ್ದರೆ ಒಂದು ಹಿಡಿ ಸಾಕು, ಆಗ ಹುಣಸೆ ಬೇಡವೇ ಬೇಡ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಕುಟ್ಟಿದ್ದನ್ನು ಹಾಕಿ. ಮುಚ್ಚಳ ಮುಚ್ಚದೆ ಐದಾರು ನಿಮಿಷ ಕುದಿಸಿ. ಸೊಪ್ಪನ್ನು ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಬಣ್ಣವೂ ಕೆಡುತ್ತದೆ, ಸತ್ವವೂ ಕಡಿಮೆಯಾಗುತ್ತದೆ.

ಇನ್ನು ಹಿಟ್ಟು. ಕಡಲೆ ಹಿಟ್ಟು ಎರಡು ದೊಡ್ಡ ಚಮಚೆ, 20 ಗ್ರಾಂಗಿಂತ ಹೆಚ್ಚು ಬೇಡ. ಅದನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಸಣ್ಣ ಉರಿಯಲ್ಲಿ ಹುರಿಯಿರಿ. ಹಸಿ ವಾಸನೆ ಹೋಗಿ ಘಮ ಬರುತ್ತದೆ. ಒಂದು ವಾರಕ್ಕೆ ಆಗುವಷ್ಟು ಒಮ್ಮೆಲೇ ಹುರಿದು ಡಬ್ಬಿಯಲ್ಲಿ ಇಟ್ಟುಕೊಂಡರೂ ನಡೆಯುತ್ತದೆ. ಕಡಲೆ ಹಿಟ್ಟು ಒಗ್ಗದವರು ಜೋಳದ ಹಿಟ್ಟು ಹಾಕಿಕೊಳ್ಳಲಿ. ನನಗೆ ಜೋಳದ ಹಿಟ್ಟಿನದೇ ಹೆಚ್ಚು ಇಷ್ಟ, ಅಂಬಲಿಯ ರುಚಿ ಬರುತ್ತದೆ. ಈ ಹಿಟ್ಟನ್ನು ಅರ್ಧ ಲೀಟರ್ ಹಾಲಿನಿಂದಾದ ಮೊಸರಿಗೆ ಹಾಕಿ, ಒಂದು ಬಟ್ಟಲು ನೀರು ಬೆರೆಸಿ, ಗಂಟಿಲ್ಲದಂತೆ ಕಡಗೋಲಿನಿಂದ ಕಡೆಯಿರಿ.

ಮೊಸರು ಒಡೆಯುವುದು ಇಲ್ಲೇ. ಕುದಿಯುವ ಭಜ್ಜಿಗೆ ತಣ್ಣನೆಯ ಮೊಸರು ಸುರಿದು ಜೋರು ಉರಿ ಮಾಡಿದರೆ ಒಡೆದು ನೀರು ಬೇರೆ, ಗಿಣ್ಣದಂಥ ಚೂರು ಬೇರೆ ಆಗುತ್ತದೆ. ಹಾಲಿನ ಪ್ರೋಟೀನು ಹುಳಿ ಮತ್ತು ಬಿಸಿ ಎರಡೂ ಕೂಡಿದರೆ ಗಂಟು ಕಟ್ಟುವ ಸ್ವಭಾವದ್ದು. ಹಿಟ್ಟು ಅದನ್ನು ಹಿಡಿದು ನಿಲ್ಲಿಸುತ್ತದೆ, ನಮ್ಮ ಹಿರಿಯರು ಮಜ್ಜಿಗೆಯಲ್ಲೇ ಹಿಟ್ಟು ಕಲಸಿದ್ದರ ಗುಟ್ಟು ಇದೇ. ಒಲೆಯ ಉರಿ ಸಣ್ಣದು ಮಾಡಿ, ಮೊದಲು ಎರಡು ಸೌಟು ಬಿಸಿ ಭಜ್ಜಿಯನ್ನು ಮೊಸರಿನ ಪಾತ್ರೆಗೆ ಹಾಕಿ ಕಲಕಿ, ನಂತರ ಆ ಮೊಸರನ್ನು ಭಜ್ಜಿಗೆ ಸುರಿಯಿರಿ. ಕೈ ಬಿಡದೆ ತಿರುವುತ್ತಾ ಇರಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಾ ಐದು ನಿಮಿಷ ಇರಲಿ, ಹಿಟ್ಟು ಬೇಯಲು ಅಷ್ಟು ಬೇಕು. ಮಧ್ಯದಲ್ಲಿ ತೆರ್ಳಿ ಕುದಿಯಲು ಬಿಡಬೇಡಿ. ಉಪ್ಪು ಕೊನೆಗೆ. ಬಹಳ ಹುಳಿಯಾದ ಹಳೆಯ ಮೊಸರು ಬೇಗ ಒಡೆಯುತ್ತದೆ, ಹಿಂದಿನ ರಾತ್ರಿ ಹೆಪ್ಪು ಹಾಕಿದ್ದೇ ಒಳ್ಳೆಯದು.

ಒಗ್ಗರಣೆಗೆ ಎರಡು ಸಣ್ಣ ಚಮಚೆ ಎಣ್ಣೆ. ಅಳೆದು ಹಾಕಿ, ಡಬ್ಬಿಯಿಂದ ಸುರಿಯಬೇಡಿ. ಸಣ್ಣ ಸೌಟಿನಲ್ಲಿ ಕಾಯಿಸಿ, ಸಾಸಿವೆ, ಜೀರಿಗೆ, ಜಜ್ಜಿದ ನಾಲ್ಕು ಎಸಳು ಬಳ್ಳೊಳ್ಳಿ, ಕರಿಬೇವು, ಒಂದು ಒಣಮೆಣಸಿನಕಾಯಿ. ಬಳ್ಳೊಳ್ಳಿ ಕೆಂಪಾದ ಕೂಡಲೇ ಭಜ್ಜಿಗೆ ಹಾಕಿ ಮುಚ್ಚಿಡಿ. ಎಣ್ಣೆ ಕಡಿಮೆಯಾದರೆ ರುಚಿ ಹೋಗುತ್ತದೆ ಎಂದು ಹೇಳುವವರು ಒಗ್ಗರಣೆಯನ್ನು ಮೊದಲೇ ಹಾಕಿ ಕುದಿಸಿರುತ್ತಾರೆ. ಕೊನೆಗೆ ಹಾಕಿ ಮುಚ್ಚಿದರೆ ಎರಡು ಚಮಚೆಯಲ್ಲಿ ಸೌಟಿನ ಘಮ ಬರುತ್ತದೆ.

ಅರ್ಧ ಲೀಟರಿನ ಮಾತು

ಈಗ ಈ ಅಡಿಗೆಯಲ್ಲಿ ಕಷ್ಟದ ಭಾಗಕ್ಕೆ ಬರುತ್ತೇನೆ. ಬೇಳೆ ಮನೆಯಲ್ಲಿದೆ, ಸೊಪ್ಪು ಸಂತೆಯಲ್ಲಿದೆ. ಅರ್ಧ ಲೀಟರ್ ಹಾಲಿನ ಮೊಸರು ಎಲ್ಲಿದೆ?

ನಿಮ್ಮ ಅಜ್ಜಿಯರ ಕಾಲದಲ್ಲಿ ಒಂದು ಎಮ್ಮೆ ಇದ್ದ ಮನೆಯಲ್ಲಿ ಮಜ್ಜಿಗೆ ಇಲ್ಲವೆಂಬ ಮಾತೇ ಇರಲಿಲ್ಲ. ಬೆಣ್ಣೆ ತೆಗೆದು ತುಪ್ಪ ಮಾಡಿ ಮಾರುತ್ತಿದ್ದರು, ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿತ್ತು, ಓಣಿಯವರೂ ತಂಬಿಗೆ ಹಿಡಿದು ಬರುತ್ತಿದ್ದರು. ಸಂಘ ಬಂದ ಮೇಲೆ ಹಾಲು ಹಾಲಾಗಿಯೇ ಹೋಗುತ್ತದೆ. ಹಣ ಕೈಗೆ ಬಂತು, ಮಕ್ಕಳ ಓದಿಗೆ ಆಯಿತು, ಸಾಲಗಾರರ ಬಾಗಿಲು ತಪ್ಪಿತು. ಇದನ್ನು ಕಡಿಮೆ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಹೊತ್ತಿನ ಹಾಲನ್ನೂ ಕೊನೆಯ ಹನಿಯವರೆಗೆ ಕ್ಯಾನಿಗೆ ಸುರಿದು, ಚಹಾಕ್ಕೆ ಮಾತ್ರ ಒಂದು ಲೋಟ ಇಟ್ಟುಕೊಳ್ಳುವ ಮನೆಗಳು ಈ ಸಭೆಯಲ್ಲೇ ಎಷ್ಟಿಲ್ಲ? ಕ್ಷೀರಭಾಗ್ಯ ಯೋಜನೆ 2013ರಲ್ಲಿ ಆರಂಭವಾದಾಗ ಶಾಲೆಯಲ್ಲಿ ಮಗುವಿಗೆ 150 ಮಿ.ಲೀ. ಹಾಲು ಕೊಡಬೇಕೆಂದಾಯಿತು. ಹಾಲು ಕರೆಯುವ ಮನೆಯ ಮಗು ಶಾಲೆಗೆ ಹೋದಾಗಲೇ ಹಾಲು ಕುಡಿಯುವಂತಾದರೆ ಅದನ್ನು ಏನೆನ್ನಬೇಕು?

ಒಕ್ಕೂಟದ ಸಭೆಯಲ್ಲೇ ನಿಂತು, ಸಂಘಕ್ಕೆ ಅರ್ಧ ಲೀಟರ್ ಕಡಿಮೆ ಹಾಕಿ ಎನ್ನುತ್ತಿದ್ದಾಳಲ್ಲ ಎಂದು ಕಾರ್ಯದರ್ಶಿಗಳು ನನ್ನ ಕಡೆ ನೋಡುತ್ತಿದ್ದಾರೆ. ಹೌದು, ಹಾಗೆಯೇ ಹೇಳುತ್ತಿದ್ದೇನೆ. ಐದು ಜನರ ಮನೆಗೆ ದಿನಕ್ಕೆ ಅರ್ಧ ಲೀಟರ್. ನಿಮ್ಮ ಪಾಸ್‌ಬುಕ್ಕಿನಲ್ಲಿ ಲೀಟರಿಗೆ ಬಿದ್ದ ದರ ನೋಡಿ, ಅದರ ಅರ್ಧ ಎಷ್ಟೆಂದು ಲೆಕ್ಕ ಹಾಕಿ. ಆ ಹಣಕ್ಕೆ ಅಂಗಡಿಯಲ್ಲಿ ಅರ್ಧ ಲೀಟರ್ ಮೊಸರು ಸಿಗುತ್ತದೆಯೇ ಕೇಳಿ. ಸಿಗುವುದಿಲ್ಲ. ಸಂಘಕ್ಕೆ ಹಾಕಿದ ಹಾಲು ತಂಪಾಗಿ, ಶುದ್ಧವಾಗಿ, ಪೊಟ್ಟಣವಾಗಿ, ಲಾರಿಯಲ್ಲಿ ಕೂತು ಬರುವಷ್ಟರಲ್ಲಿ ದರ ಏರಿರುತ್ತದೆ, ಏರಲೇಬೇಕು. ಮಾರಿದ ದರಕ್ಕೆ ಮರಳಿ ಕೊಳ್ಳಲು ಆಗದ ವಸ್ತುವನ್ನು ಮನೆಗೆ ಬೇಕಾದಷ್ಟು ಇಟ್ಟುಕೊಂಡೇ ಮಾರಬೇಕು. ಜೋಳದ ವಿಷಯದಲ್ಲಿ ನೀವು ಹಾಗೆಯೇ ಮಾಡುತ್ತೀರಿ. ಹಗೇವಿನಲ್ಲಿ ಇಟ್ಟು ಮಿಕ್ಕಿದ್ದನ್ನು ಮಾರುತ್ತಿದ್ದಿರಲ್ಲವೇ?

ಲೆಕ್ಕ ಹೇಳುತ್ತೇನೆ ಎಂದಿದ್ದೆ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಪ್ರೋಟೀನು 22 ಗ್ರಾಂ ಹತ್ತಿರ. ಐವತ್ತು ಗ್ರಾಂ ಕಡಲೆ ಬೇಳೆಯಲ್ಲಿ 10, ಶೇಂಗಾದಲ್ಲಿ 7ಕ್ಕೂ ಹೆಚ್ಚು, ಹಿಟ್ಟಿನಲ್ಲಿ 4, ಅರ್ಧ ಲೀಟರ್ ಹಾಲಿನ ಮೊಸರಿನಲ್ಲಿ 15. ಎಲ್ಲ ಕೂಡಿಸಿದರೆ 58 ದಾಟುತ್ತದೆ, ಐದು ಜನಕ್ಕೆ ಹಂಚಿದರೆ ತಲೆಗೆ ಸುಮಾರು 12 ಗ್ರಾಂ. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದದ್ದು 46 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ ಹೇಳುತ್ತದೆ. ಒಂದು ಬಟ್ಟಲು ಭಜ್ಜಿಯಲ್ಲಿ ಅದರ ಕಾಲು ಭಾಗ ಬಂತು. ಎರಡು ಜೋಳದ ರೊಟ್ಟಿ ಕೂಡಿದರೆ ಹೆಚ್ಚು ಕಡಿಮೆ ಅರ್ಧ ದಿನದ್ದು ಒಂದೇ ಊಟದಲ್ಲಿ ಮುಗಿಯಿತು. ಮೊಸರು ಬಿಟ್ಟು ಅದೇ ಭಜ್ಜಿ ಮಾಡಿದರೆ ತಲೆಗೆ 9 ಗ್ರಾಂಗಿಂತ ಕೆಳಗೆ ಇಳಿಯುತ್ತದೆ. ಒಂದು ಭಾಗ ಮೊಸರಿಗೆ ನಾಲ್ಕು ಭಾಗ ನೀರು ಹಾಕಿದ ಮಜ್ಜಿಗೆ ಬಾಯಾರಿಕೆಗೆ ಒಳ್ಳೆಯದು, ಭಜ್ಜಿಯಲ್ಲಿ ಅದು ಹುಳಿ ಕೊಡುತ್ತದೆ, ಬಲ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಎಮ್ಮೆ ಹಾಲಿನಲ್ಲಿ ನೂರಕ್ಕೆ 6ರಿಂದ 7 ಭಾಗ ಕೊಬ್ಬು. ಅರ್ಧ ಲೀಟರಿನಲ್ಲಿ 30 ಗ್ರಾಂ ದಾಟುತ್ತದೆ. ಒಗ್ಗರಣೆಯಲ್ಲಿ ಎಣ್ಣೆ ಉಳಿಸಿ ಎಮ್ಮೆ ಹಾಲಿನ ಗಟ್ಟಿ ಮೊಸರು ಕೆನೆ ಸಮೇತ ಹಾಕಿದರೆ ಉಳಿಸಿದ್ದೆಲ್ಲ ಮತ್ತೆ ಬಂದು ಸೇರಿತು! ಹಾಲನ್ನು ಚೆನ್ನಾಗಿ ಕಾಸಿ, ಆರಿಸಿ, ಮೇಲೆ ಕಟ್ಟಿದ ಕೆನೆಯನ್ನು ಬೇರೆ ತೆಗೆದಿಡಿ. ವಾರಕ್ಕೊಮ್ಮೆ ಅದರಿಂದ ತುಪ್ಪವಾಗುತ್ತದೆ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ. ಪ್ರೋಟೀನು ಕೆನೆಯಲ್ಲಿಲ್ಲ, ಕೆಳಗಿನ ಹಾಲಿನಲ್ಲೇ ಇದೆ.

ಕಾಸಿ ಎಂದೆ. ಹಸಿ ಹಾಲಿಗೆ ಹೆಪ್ಪು ಹಾಕುವ ಮನೆಗಳು ಇನ್ನೂ ಇವೆ, ರುಚಿ ಹೆಚ್ಚೆಂದು ಹೇಳುತ್ತಾರೆ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು, ತಿಂಗಳುಗಟ್ಟಲೆ ನರಳಾಟ. ಹೆಪ್ಪು ಹಾಕಿದ ಮಾತ್ರಕ್ಕೆ ಆ ರೋಗಾಣು ಸಾಯುತ್ತದೆ ಎಂದು ನಂಬಬೇಡಿ, ಕುದಿಸಿದರೆ ಸಾಯುತ್ತದೆ. ಹಾಗೆಯೇ ಕೆಚ್ಚಲು ಬಾವಿಗೆ ಇಂಜೆಕ್ಷನ್ ಮಾಡಿಸಿದ ಆಕಳಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಸಂಘಕ್ಕೂ ಹಾಕಬಾರದು, ‘ಹೆಂಗೂ ಸಂಘಕ್ಕ ನಡಿಯಲ್ಲ, ಮನಿಗಿ ಇರ್ಲಿ’ ಎಂದು ಮೊಸರಿಗೂ ಇಡಬಾರದು. ಆ ಹಾಲು ಸರಿಯಾಗಿ ಹೆಪ್ಪು ಹಿಡಿಯುವುದೂ ಇಲ್ಲ. ಔಷಧಿ ಹೆಪ್ಪಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ತಡೆಯುತ್ತದೆ.

ಯಾರಿಗೆ ಹೇಗೆ

ಹಗುರ ಎಲ್ಲರಿಗೂ ಒಂದೇ ಅಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ, ಮೈ ತೂಕ ಹೆಚ್ಚಿದವರಿಗೆ ನಾನು ಹೇಳಿದ ಅಳತೆ ಸರಿ. ಅವರು ರೊಟ್ಟಿ ಒಂದು ಕಡಿಮೆ ಮಾಡಿ ಭಜ್ಜಿ ಒಂದು ಸೌಟು ಹೆಚ್ಚು ಹಾಕಿಕೊಳ್ಳಲಿ. ಗುಳಿಗೆ ಮಾತ್ರ ವೈದ್ಯರನ್ನು ಕೇಳದೆ ಬಿಡಬಾರದು. ಮೂತ್ರಪಿಂಡದ ತೊಂದರೆ ಇದ್ದವರು ಬೇಳೆ ಎಷ್ಟು ತಿನ್ನಬೇಕೆಂದು ಅವರ ವೈದ್ಯರೇ ಹೇಳಬೇಕು. ಬಾಣಂತಿಗೆ, ಹಾಲೂಡಿಸುವ ತಾಯಿಗೆ, ಬಡಕಲು ಮಗುವಿಗೆ ಹಗುರ ಮಾಡುವ ಉಸಾಬರಿಯೇ ಬೇಡ. ಅವರ ಬಟ್ಟಲಿಗೆ ಮೇಲೆ ಒಂದು ಚಮಚೆ ತುಪ್ಪ ಹಾಕಿ. ಆರು ತಿಂಗಳು ತುಂಬಿದ ಕೂಸಿಗೆ ಖಾರ, ಉಪ್ಪು ಬೀಳುವ ಮೊದಲೇ ಬೆಂದ ಬೇಳೆ, ಸೊಪ್ಪು ಒಂದು ಬಟ್ಟಲು ತೆಗೆದು ನುಣ್ಣಗೆ ಮಸೆದು ಉಣ್ಣಿಸಬಹುದು, ಶೇಂಗಾ ಇಡೀ ಕಾಳು ಉಳಿಯದಂತೆ ನೋಡಿಕೊಳ್ಳಿ.

ಉಪ್ಪಿನ ಬಗ್ಗೆ ಒಂದೇ ಮಾತು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಸಣ್ಣ ಚಮಚೆ ಒಂದು, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ಹುಳಿ ಇರುವ ಅಡಿಗೆಗೆ ಉಪ್ಪು ಕಡಿಮೆ ಸಾಕಾಗುತ್ತದೆ.

ಊಟದ ಜತೆಗೇ, ಊಟವಾದ ತಕ್ಷಣವೇ ಚಹಾ ಕುಡಿಯಬೇಡಿ. ಸೊಪ್ಪಿನ, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಹೆಂಗಸರಲ್ಲಿ ರಕ್ತ ಕಡಿಮೆ ಇರುವ ಈ ನಾಡಿನಲ್ಲಿ ಭಜ್ಜಿ ಉಂಡು ಮೇಲೆ ಚಹಾ ಕುಡಿದರೆ ಸೊಪ್ಪು ಸೋಸಿದ ಶ್ರಮ ಅರ್ಧ ದಂಡ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬಾಯಿಗೆ ಏನಾದರೂ ಬೇಕೆನಿಸಿದರೆ ನಿಮ್ಮೂರಿನ ಕೆಂಪು ಬಾಳೆಹಣ್ಣು ಅರ್ಧ ತಿನ್ನಿ, ಕಮಲಾಪುರದವರಿಗೆ ಬಾಳೆಹಣ್ಣು ತಿನ್ನಿ ಎಂದು ನಾನು ಹೇಳಬೇಕೆ!

ಚೈತ್ರ, ವೈಶಾಖದ ಬಿಸಿಲಿನಲ್ಲಿ ಬಿಸಿ ಭಜ್ಜಿ ಯಾರಿಗೂ ಬೇಡವಾಗುತ್ತದೆ. ಆಗ ಸೊಪ್ಪೂ ಸಿಗುವುದು ಕಷ್ಟ, ಆಕಳ ಹಾಲೂ ಇಳಿದಿರುತ್ತದೆ. ಆ ದಿನಗಳಲ್ಲಿ ಬೇಳೆ, ಶೇಂಗಾ ಮೊದಲಿನಂತೆ ಬೇಯಿಸಿ, ಉಳ್ಳಾಗಡ್ಡಿ, ಸೌತೆಕಾಯಿ ಹಸಿಯಾಗಿಯೇ ಹೆಚ್ಚಿ, ಹುರಿದ ಜೋಳದ ಹಿಟ್ಟನ್ನು ನೀರಿನಲ್ಲಿ ಕುದಿಸಿ ಆರಿಸಿ, ಎಲ್ಲಕ್ಕೂ ಮೊಸರು ಬೆರೆಸಿಬಿಡಿ. ಭಜ್ಜಿಗೂ ಅಂಬಲಿಗೂ ನಡುವಿನದ್ದು ಅದು. ತಣ್ಣಗೆ ಕುಡಿಯಲು ಬರುತ್ತದೆ, ಮೊಸರು ಒಡೆಯುವ ಭಯವೇ ಇಲ್ಲ.

ಕೊನೆಯದಾಗಿ, ಕಲಬುರಗಿಯಲ್ಲಿ ಕೋಣೆ ಹಿಡಿದು ಓದುತ್ತಿರುವ, ನೌಕರಿ ಮಾಡುತ್ತಿರುವ ಮಕ್ಕಳ ವಿಷಯವನ್ನು ಸಭೆಗೆ ಮುಂಚೆ ಇಬ್ಬರು ತಾಯಂದಿರು ಕೇಳಿದರು. ಬುತ್ತಿ ಕಟ್ಟಿ ಹುಮನಾಬಾದ್ ಕಡೆಯಿಂದ ಬರುವ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ, ಭಜ್ಜಿ ಕಳಿಸಬಹುದೇ ಎಂದು. ಮೊಸರು ಹಾಕಿದ ಭಜ್ಜಿ ಕಳಿಸಬೇಡಿ. ದಾರಿಯ ಸೆಖೆಗೆ ಹುಳಿ ಹೆಚ್ಚಾಗುತ್ತದೆ, ಅಲ್ಲಿ ಮತ್ತೆ ಬಿಸಿ ಮಾಡಿದರೆ ಒಡೆಯುತ್ತದೆ. ಬೇಳೆ, ಸೊಪ್ಪು, ಖಾರ ಹಾಕಿ ಕುದಿಸಿದ್ದನ್ನು ನೀರು ಕಡಿಮೆ ಮಾಡಿ ಗಟ್ಟಿಯಾಗಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ಬೆಳಿಗ್ಗೆ ಮಾಡಿದ್ದು ಬೆಳಗಿನ ಬಸ್ಸಿಗೇ ಹೋಗಬೇಕು, ಬೇಸಿಗೆಯಲ್ಲಿ ಮಧ್ಯಾಹ್ನದ ತನಕ ಹೊರಗೆ ಇಡುವಂತಿಲ್ಲ. ಹುರಿದ ಹಿಟ್ಟು ಒಂದು ಚೀಟಿಯಲ್ಲಿ ಬೇರೆ ಕಟ್ಟಿಕೊಡಿ. ಅಲ್ಲಿ ಫ್ರಿಜ್ ಇದ್ದರೆ ಎರಡು ದಿನಕ್ಕೆ ಬರುತ್ತದೆ. ಉಣ್ಣುವ ಹೊತ್ತಿಗೆ ಬೇಕಾದಷ್ಟನ್ನು ನೀರು ಬೆರೆಸಿ ಚೆನ್ನಾಗಿ ಕುದಿಸಿ, ಉರಿ ಸಣ್ಣದು ಮಾಡಿ, ಮೂಲೆಯ ಅಂಗಡಿಯಿಂದ ತಂದ ನಂದಿನಿ ಮೊಸರಿನ ಪೊಟ್ಟಣ ಒಡೆದು ಹಿಟ್ಟು ಕಲಸಿ ಹಾಕಿಕೊಳ್ಳಲಿ. ಆ ಪೊಟ್ಟಣದಲ್ಲಿ ನೀವು ಹಾಕಿದ ಹಾಲೂ ಇದ್ದೀತು.